ಮುಖವಿಲ್ಲದ ಹೆಸರು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲು ದಾಟಿ ಪಡಸಾಲೆಗೆ ಕಾಲಿಟ್ಟರೆ ಮೊದಲು ಕಾಣುವವರು ಮನೆಯ ಜನ ಅಲ್ಲ, ಗೋಡೆಯ ಮೇಲಿನ ಜನ. ತೊಲೆಯ ಕೆಳಗೆ ಸಾಲಾಗಿ, ತುಸು ಮುಂದಕ್ಕೆ ಬಾಗುವಂತೆ ದಾರ ಕಟ್ಟಿ ತೂಗುಹಾಕಿದ ಫೋಟೋಗಳು. ಬಂದವರು ಯಾರು ಎಂದು ಬಗ್ಗಿ ನೋಡುತ್ತಿದ್ದಾರೇನೋ ಅನ್ನಿಸಬೇಕು. ಗಾದಿಗನೂರಿನ ನನ್ನ ತವರುಮನೆಯಲ್ಲೂ ಹಾಗೇ ಇತ್ತು. ರುಮಾಲು ಸುತ್ತಿ, ಕೋಲು ಹಿಡಿದು ಕುರ್ಚಿಯಲ್ಲಿ ಕೂತ ಅಜ್ಜ. ಹಂಪಿ ಜಾತ್ರೆಯಲ್ಲಿ ಬಣ್ಣದ ಪರದೆಯ ಮುಂದೆ, ಪರದೆಯ ಮೇಲೆ ಬರೆದ ಮೋಟಾರು ಕಾರಿಗೆ ಕೈಯಿಟ್ಟು ನಿಂತ ಅಪ್ಪ ಮತ್ತು ಅವನ ಇಬ್ಬರು ಗೆಳೆಯರು. ಸತ್ತ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು ತೆಗೆಸಿದ ದೊಡ್ಡಪ್ಪ. ಆ ಫೋಟೋಕ್ಕೆ ಹೆದರಿ ನಾವು ಮಕ್ಕಳು ಸಂಜೆ ಹೊತ್ತು ಪಡಸಾಲೆಯಲ್ಲಿ ಒಬ್ಬೊಬ್ಬರೇ ನಿಲ್ಲುತ್ತಿರಲಿಲ್ಲ. ಸೊಂಡೂರಿನ ಅದಿರು ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳಲ್ಲಿ, ಅಂದರೆ 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆ ಹಾಕುವ ತನಕ, ವಾರಕ್ಕೊಮ್ಮೆ ಗಾಜು ಒರೆಸದಿದ್ದರೆ ಅಜ್ಜ, ಅಪ್ಪ, ದೊಡ್ಡಪ್ಪ ಎಲ್ಲರೂ ಕೆಂಪು ದೂಳಿನ ಹಿಂದೆ ಒಂದೇ ಥರ ಕಾಣುತ್ತಿದ್ದರು.

ಆ ಸಾಲಿನಲ್ಲಿ ಅವ್ವ ಇರಲಿಲ್ಲ.

ಅವ್ವ ತೀರಿಕೊಂಡದ್ದು 1968ರಲ್ಲಿ, ಮೂರನೆಯ ಹೆರಿಗೆಯಲ್ಲಿ. ನನಗೆ ಎಂಟು ವರ್ಷ, ತಮ್ಮನಿಗೆ ಇನ್ನೂ ಎರಡು ತುಂಬಿರಲಿಲ್ಲ. ಅವಳ ಒಂದು ಫೋಟೋವೂ ಇಲ್ಲ. ಆಗಿನ ಕಾಲಕ್ಕೆ ಅದೇನು ವಿಶೇಷವಲ್ಲ. ಸ್ಟುಡಿಯೋ ಬೇಕೆಂದರೆ ಹೊಸಪೇಟೆಗೆ ಹೋಗಬೇಕು; ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವವರೂ ಇದ್ದರು. ಅವಳ ಗುರುತೆಂದು ಉಳಿದದ್ದು ಮದುವೆಯಲ್ಲಿ ಅವಳ ತವರಿನವರು ಕೊಟ್ಟ ಒಂದು ತಾಮ್ರದ ಕೊಡ. ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆಸಿದ ಅವಳ ಹೆಸರು. ಹೊಲದ ಪಹಣಿಯಲ್ಲಿ ಅವಳಿಲ್ಲ, ನಮ್ಮ ಶಾಲೆಯ ದಾಖಲೆಯಲ್ಲಿ ಅವಳಿಲ್ಲ. ಕೊಡದ ಮೇಲಿದ್ದಾಳೆ, ಅಷ್ಟೆ.

2013ರಲ್ಲಿ ತಮ್ಮ ಹಳೆಯ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ಎಲ್ಲ ಫೋಟೋಗಳಿಗೂ ಹೊಸ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದ. ಅಪ್ಪನದನ್ನು ಗೆಳೆಯರಿಂದ ಬಿಡಿಸಿ, ದೊಡ್ಡದು ಮಾಡಿಸಿ, ಬಣ್ಣ ತುಂಬಿಸಿದ್ದ. ಅದರ ಪಕ್ಕಕ್ಕೆ ಒಂದು ಮೊಳೆ ಮಾತ್ರ ಹೊಡೆದು ಬಿಟ್ಟಿದ್ದ. ಊಟವಾದ ಮೇಲೆ ನನ್ನನ್ನು ಕರೆದು ವಿಷಯ ಹೇಳಿದ. ಹೊಸಪೇಟೆಯಲ್ಲಿ ಒಬ್ಬ ಚಿತ್ರ ಬರೆಯುವವ ಇದ್ದಾನಂತೆ. ಫೋಟೋ ಇಲ್ಲದ ಹಿರಿಯರ ಚಿತ್ರ ಮಾಡಿಕೊಡುತ್ತಾನಂತೆ. ಒಡಹುಟ್ಟಿದವರದೋ ಮಕ್ಕಳದೋ ಫೋಟೋ ಕೊಟ್ಟರೆ ಸಾಕು. ಕಣ್ಣು ಒಬ್ಬರದು, ಮೂಗು ಒಬ್ಬರದು ತೆಗೆದುಕೊಂಡು, ಸೀರೆ ಉಡಿಸಿ ಕುಂಕುಮ ಇಟ್ಟು, ನೋಡಿದರೆ ಫೋಟೋವೇ ಅನ್ನಬೇಕು ಹಾಗೆ ಮಾಡುತ್ತಾನಂತೆ.

"ನೀನು ಅವ್ವನಂಗೇ ಅದೀಯಂತ ಎಲ್ಲರೂ ಅಂತಾರ ಅಕ್ಕ. ನಿಂದೊಂದು ಚಲೋ ಫೋಟೋ ಕೊಟ್ಟುಬಿಡು, ಸಾಕು."

ನಾನು ಒಪ್ಪಲಿಲ್ಲ. ನನ್ನ ಮುಖವನ್ನು ಗೋಡೆಗೆ ಹಾಕಿ ಅವ್ವ ಎಂದು ಊದುಬತ್ತಿ ಬೆಳಗುವುದು ಹೇಗೆ? ಅದು ಸುಳ್ಳಲ್ಲವೇ? ಇನ್ನೊಂದು ಮಾತೂ ಇತ್ತು. ಅವ್ವನಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಹೋಗಿತ್ತು. ಕೆನ್ನೆ, ಹಣೆ, ಗಲ್ಲದ ತುಂಬ ಕಲೆ. ಅವಳ ಕಣ್ಣು ಹೇಗಿತ್ತೆಂದು ಕೇಳಿದರೆ ನಾನು ಹೇಳಲಾರೆ. ಆದರೆ ರಾತ್ರಿ ದೀಪ ಆರಿಸಿದ ಮೇಲೆ ಅವಳ ಮಗ್ಗುಲಲ್ಲಿ ಮಲಗಿ ಕೆನ್ನೆಯ ಮೇಲಿನ ಕುಳಿಗಳನ್ನು ಬೆರಳಿನಿಂದ ಎಣಿಸುತ್ತಿದ್ದದ್ದು ಇವತ್ತಿಗೂ ಬೆರಳ ತುದಿಯಲ್ಲಿದೆ. ನನ್ನ ಪಾಲಿಗೆ ಅವ್ವನ ಮುಖವೆಂದರೆ ಅದೇ. ಚಿತ್ರ ಬರೆಯುವವ ಮಾಡಿಕೊಡುವುದು ನುಣ್ಣನೆಯ ಮುಖ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೂ ಹಗುರವಾಗುತ್ತಿತ್ತು. "ನಿನಗ ಅಷ್ಟಾದರೂ ನೆನಪೈತಿ ಅಕ್ಕ. ನನಗ ಏನೈತಿ?" ಅಂದ.

ಆ ಮೊಳೆ ಹಾಗೇ ಉಳಿಯಿತು. ಮರುವರ್ಷ ಮೈಸೂರಿನಲ್ಲಿ ನಮ್ಮ ಮನೆಯವರ ಕಡೆಯ ಒಂದು ಮದುವೆ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರಿನ ಮೇಲೆ ಹಾಯ್ದು ಮೈಸೂರಿಗೇ ಒಯ್ದು ಬಿಡುತ್ತದೆ. ಮದುವೆ ಮುಗಿದ ಮರುದಿನ ಗಂಡಸರು ಚಾಮುಂಡಿ ಬೆಟ್ಟಕ್ಕೆ ಹೊರಟರು. ಮಂಡಿನೋವಿನ ನಾವು ನಾಲ್ಕು ಜನ ಹೆಂಗಸರು ಜಗನ್ಮೋಹನ ಅರಮನೆ ನೋಡಲು ಹೋದೆವು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಅರಮನೆ ಅದು. 1915ರಲ್ಲಿ ಚಿತ್ರಶಾಲೆಯಾಯಿತು, 1955ರಲ್ಲಿ ಜಯಚಾಮರಾಜೇಂದ್ರ ಒಡೆಯರ ಹೆಸರು ಬಂತು. ಗಂಟೆಗೆ ಸರಿಯಾಗಿ ಸಂಗೀತ ನುಡಿಸುವ ಫ್ರಾನ್ಸಿನ ಗಡಿಯಾರ, ಅಕ್ಕಿಕಾಳಿನ ಮೇಲೆ ಬಿಡಿಸಿದ ಚಿತ್ರ, ಇವುಗಳ ಮುಂದೆ ಮಕ್ಕಳ ಗದ್ದಲ. ನನ್ನ ಕಣ್ಣು ಮಾತ್ರ ಮುಖಗಳ ಮೇಲಿತ್ತು. ಒಂದು ವರ್ಷದಿಂದ ತಲೆಯಲ್ಲಿ ಮೊಳೆ ಹೊಡೆದುಕೊಂಡು ತಿರುಗುವವಳಿಗೆ ಇನ್ನೇನು ಕಾಣುತ್ತದೆ?

ಎಷ್ಟೊಂದು ಮುಖಗಳು! ಮಹಾರಾಜರು, ಯುವರಾಜರು, ನಿಂತವರು, ಕೂತವರು. ಪೇಟದ ಮುತ್ತು, ಜರಿಯ ನೆರಿಗೆ, ಕತ್ತಿಯ ಹಿಡಿ, ಒಂದೊಂದನ್ನೂ ಚಿತ್ರಕಾರ ಎಷ್ಟು ತಾಳ್ಮೆಯಿಂದ ಬರೆದಿದ್ದಾನೆಂದರೆ ಮುಟ್ಟಿದರೆ ಕೈಗೆ ಚುಚ್ಚೀತು. ಮುಖಗಳು ಮಾತ್ರ ಬಹುಪಾಲು ಒಂದೇ ತೆರನ ಶಾಂತಿಯಲ್ಲಿವೆ. ಹಲ್ಲುನೋವಿನ ದೊರೆ ಇಲ್ಲ, ನಿದ್ದೆಗೆಟ್ಟ ದೊರೆ ಇಲ್ಲ. ಒಂದು ಗೋಡೆಯ ಮೇಲೆ ಒಡೆಯರ ವಂಶವೃಕ್ಷ. ಆ ವಂಶ ಶುರುವಾದದ್ದು 1399ರಲ್ಲಿ, ಯದುರಾಯರಿಂದ. ಅರಮನೆ ಕಟ್ಟಿದ್ದು ನಾಲ್ಕೂವರೆ ಶತಮಾನದ ಮೇಲೆ. ನನ್ನ ಜೊತೆಗೆ ಬಂದಿದ್ದ ನಾದಿನಿ, "ಆಗಿನವರ ಮುಖ ಹ್ಯಾಂಗಿತ್ತಂತ ಇವರಿಗೆ ಯಾರು ಹೇಳಿದ್ರು?" ಎಂದು ಕೇಳಿದಳು. ಅವಳಿಗೆ ನನ್ನ ತವರಿನ ಗೋಡೆಯ ಸಂಗತಿ ಗೊತ್ತಿರಲಿಲ್ಲ. ಸುಮ್ಮನೆ ಕೇಳಿದ ಮಾತು. ನನಗೆ ಯಾರೋ ಮೆಲ್ಲಗೆ ಕಿವಿ ಹಿಂಡಿದ ಹಾಗಾಯಿತು.

ಅರಮನೆಗೆ ಹೋದವರೆಲ್ಲ ನೋಡಿಯೇ ಬರುವ ಚಿತ್ರ ಒಂದುಂಟು, ದೀಪ ಹಿಡಿದ ಹೆಂಗಸಿನದು. ಬೆಳಕು ಕಡಿಮೆ ಮಾಡಿದ ಜಾಗದಲ್ಲಿ ಇಟ್ಟಿದ್ದರು. ಅವಳು ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದು ಕೈಯನ್ನು ಗಾಳಿಗೆ ಅಡ್ಡ ಹಿಡಿದಿದ್ದಾಳೆ. ಬೆರಳ ಸಂದಿನಿಂದ ಬೆಳಕು ಕೆಂಪಗೆ ಸೋರುತ್ತದೆ. ಕರೆಂಟು ಹೋದಾಗ ದೇವರ ಮನೆಯಿಂದ ಪಡಸಾಲೆಗೆ ಹಣತೆ ತಂದ ಯಾವ ಹೆಂಗಸಿಗೂ ಆ ಕೈಯ ಬಿಸಿ ಗೊತ್ತು. ನಮ್ಮ ಮುಂದಿದ್ದವರು "ರವಿವರ್ಮಂದು, ರವಿವರ್ಮಂದು" ಎನ್ನುತ್ತ ಹೋದರು. ರವಿವರ್ಮನದಲ್ಲ. ಆತ 1906ರಲ್ಲೇ ತೀರಿಕೊಂಡ. ಇದು 1940ರ ದಶಕದಲ್ಲಿ ಮಹಾರಾಷ್ಟ್ರದ ಎಸ್.ಎಲ್. ಹಲ್ದಂಕರ್ ನೀರುಬಣ್ಣದಲ್ಲಿ ಬರೆದದ್ದು. ದೀಪ ಹಿಡಿದು ನಿಂತವಳು ಅವರ ಮಗಳು, ಗೀತಾ.

ಮಗಳ ಚಿತ್ರ ಅಂತ ತಿಳಿದಿದ್ದೇ ತಡ, ನಾನು ಮತ್ತೆ ಹೋಗಿ ನಿಂತೆ. ಇಷ್ಟು ಜನ ನೋಡಿದ್ದಾರೆ, ಕ್ಯಾಲೆಂಡರಿನಲ್ಲಿ ಹಾಕಿದ್ದಾರೆ, ಮನೆಮನೆಯಲ್ಲಿ ಕಟ್ಟು ಹಾಕಿಸಿ ಇಟ್ಟುಕೊಂಡಿದ್ದಾರೆ. ಹೆಸರು ಮಾತ್ರ ಯಾರಿಗೂ ಬೇಡ. ದೀಪದ ಹೆಂಗಸು ಎಂದರೆ ಮುಗಿಯಿತು. ಗಂಟೆಗಟ್ಟಲೆ ನಿಂತು ಕಾಲು ಸೋತವಳೊಬ್ಬಳಿದ್ದಳು, ಅಪ್ಪ ಇನ್ನೊಂದು ಗಳಿಗೆ ಎಂದಾಗ ಬೇಸರ ಮಾಡಿಕೊಂಡಿರಬಹುದಾದವಳೊಬ್ಬಳಿದ್ದಳು ಎಂಬುದು ನೆನಪಿಗೆ ಬರುವುದಿಲ್ಲ. ಇಲ್ಲಿ ಮುಖ ಇದೆ, ಹೆಸರಿಲ್ಲ. ನಮ್ಮ ಮನೆಯಲ್ಲಿ ಕೊಡದ ಮೇಲೆ ಹೆಸರಿದೆ, ಮುಖವಿಲ್ಲ. ಎರಡರಲ್ಲಿ ಯಾವುದು ಹೆಚ್ಚಿನ ನಷ್ಟ? ಆ ಕತ್ತಲಲ್ಲಿ ನಿಂತು ಯೋಚಿಸಿದೆ; ಹಿಂದಿನವರು "ಸರೀರಿ ಅಮ್ಮ" ಎಂದದ್ದಕ್ಕೆ ಈಚೆ ಬಂದೆ. 2018ರಲ್ಲಿ ಆಕೆ ಕೊಲ್ಹಾಪುರದಲ್ಲಿ 102 ವರ್ಷ ಬದುಕಿ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂತು. ನಾನು ಚಿತ್ರದ ಮುಂದೆ ನಿಂತಿದ್ದಾಗ ಅವರು ಬದುಕಿದ್ದರು! ಮುಪ್ಪಾದ ಒಂದು ನಿಜವಾದ ಮುಖ ಎಲ್ಲೋ ಕಾಫಿ ಕುಡಿಯುತ್ತ ಕೂತಿತ್ತು, ಗೋಡೆಯ ಮೇಲಿನದು ಹಾಗೇ ಹರೆಯದಲ್ಲಿತ್ತು.

ಮೈಸೂರಿನಿಂದ ಬಂದ ಮೇಲೆ ನನ್ನ ಮಗಳ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವಳು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಲಂಡನ್ನಿನಲ್ಲಿ ಬರೀ ಮುಖಗಳಿಗೆಂದೇ ಒಂದು ಚಿತ್ರಶಾಲೆ ಇದೆ ಅಮ್ಮಾ, 1856ರಲ್ಲಿ ಶುರುವಾದದ್ದು ಎಂದಳು. ಅಲ್ಲಿ ಚಿತ್ರ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ ಚಿತ್ರದಲ್ಲಿರುವವರು ಯಾರು ಎಂಬುದೇ ಮುಖ್ಯ. ಬದುಕಿರುವವರ ಚಿತ್ರ ಇಡಬಾರದೆಂಬ ನಿಯಮ, ರಾಜರಾಣಿಯರನ್ನು ಬಿಟ್ಟು, 1969ರ ತನಕ ಇತ್ತಂತೆ. ನಮ್ಮ ಪಡಸಾಲೆಯ ನಿಯಮವೇ! ಆ ಶಾಲೆಗೆ ಮೊಟ್ಟಮೊದಲು ಬಂದದ್ದು ಶೇಕ್ಸ್‌ಪಿಯರನ ಚಿತ್ರ. ತಮಾಷೆಯೆಂದರೆ, ಅದು ಶೇಕ್ಸ್‌ಪಿಯರನದೇ ಹೌದೆಂದು ಈವರೆಗೆ ಯಾರಿಗೂ ಸಿದ್ಧ ಮಾಡಲಾಗಿಲ್ಲ. ಆದರೂ ಮೊದಲ ಸಂಖ್ಯೆ ಅದಕ್ಕೇ. ಅಷ್ಟು ದೊಡ್ಡ ದೇಶ ಅನುಮಾನದ ಒಂದು ಮುಖವನ್ನು ತೂಗುಹಾಕಿಕೊಂಡು ನೆಮ್ಮದಿಯಾಗಿದೆ. ನೀನ್ಯಾಕೆ ಮಾಮನ ಜೊತೆ ಜಗ್ಗಾಡುತ್ತೀ ಎಂಬುದು ಮಗಳ ಮಾತಿನ ತಾತ್ಪರ್ಯ.

ಅಷ್ಟು ದೂರ ಯಾಕೆ? ಹಂಪಿಯ ಮಗ್ಗುಲಲ್ಲಿರುವ ನಾವು ಕೃಷ್ಣದೇವರಾಯನನ್ನು ದಿನಾ ನೋಡುತ್ತೇವೆ. ಕ್ಯಾಲೆಂಡರಿನಲ್ಲಿ, ಹೋಟೆಲಿನ ಗೋಡೆಯ ಮೇಲೆ, ಉತ್ಸವದ ಕಮಾನಿನ ಮೇಲೆ. ಎತ್ತರದ ಆಳು, ಬಿಲ್ಲಿನಂಥ ಮೀಸೆ, ಕನ್ನಡಿಯಂಥ ಕೆನ್ನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದು ರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪೇಸ್ ಬರೆದಿಟ್ಟದ್ದು ಬೇರೆ: ಸಾಧಾರಣ ಎತ್ತರ, ತೆಳುವಲ್ಲ, ತುಸು ಸ್ಥೂಲವೇ, ಬಣ್ಣ ಬಿಳಿ, ಮುಖದ ಮೇಲೆ ಸಿಡುಬಿನ ಗುರುತು. ಸಿಡುಬಿನ ಗುರುತು! ಮೊದಲ ಸಲ ಇದನ್ನು ಓದಿದ ದಿನ ನನಗಾದ ಖುಷಿ ಹೇಳತೀರದು. ರಾಯನ ಮುಖವೂ ನಮ್ಮವ್ವನ ಮುಖವೂ ಒಂದೇ ಎಂದು ಮನೆಯವರ ಮುಂದೆ ಕೊಚ್ಚಿಕೊಂಡಿದ್ದೆ. ತಿರುಮಲೆಯಲ್ಲಿ ರಾಯ ಮತ್ತು ಅವನ ಇಬ್ಬರು ರಾಣಿಯರು ಕೈಮುಗಿದು ನಿಂತ ಲೋಹದ ಮೂರ್ತಿಗಳಿವೆ. ಹೆಗಲ ಮೇಲೆ ಹೆಸರು ಕೆತ್ತಿದೆ, ತಿರುಮಲದೇವಿ, ಚಿನ್ನಾದೇವಿ. ಮುಖದ ಮೇಲಿನ ಕಲೆಯ ಸುದ್ದಿ ಅಲ್ಲಿ ಇಲ್ಲ. ಲೋಹ ಎರಕ ಹೊಯ್ದವನೂ ನಮ್ಮ ಹೊಸಪೇಟೆಯ ಚಿತ್ರದವನ ಹಾಗೇ ನುಣ್ಣಗೆ ಮಾಡಿಟ್ಟ.

ರಾಣಿಯರಿಗೆ ಹೆಗಲ ಮೇಲಾದರೂ ಹೆಸರಿದೆ. ನಮ್ಮ ನಾಡಿನ ಸಾಧಾರಣ ಹೆಂಗಸಿನ ನೆನಪಿಗೆ ಏನು ಮಾಡುತ್ತಿದ್ದರು ಗೊತ್ತೇ? ಮಾಸ್ತಿಕಲ್ಲು. ಗಂಡನ ಚಿತೆ ಏರಿದವಳಿಗೆ ನಿಲ್ಲಿಸಿದ ಕಲ್ಲು. ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಹೆಂಗಸೇ ಇರುವುದಿಲ್ಲ. ಕಂಬವೊಂದರಿಂದ ಚಾಚಿದ ಒಂದು ತೋಳು, ಮೊಣಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದ ಅಂಗೈ, ತುಂಬ ಬಳೆ, ಹೆಬ್ಬೆರಳ ಸಂದಿನಲ್ಲಿ ನಿಂಬೆಹಣ್ಣು. ಪಕ್ಕದ ವೀರಗಲ್ಲಿನಲ್ಲಿ ಗಂಡಸು ಕುದುರೆ ಏರಿ ಕತ್ತಿ ಹಿರಿದು, ಸತ್ತು, ಅಪ್ಸರೆಯರ ನಡುವೆ ಸ್ವರ್ಗಕ್ಕೆ ಹೋಗುವ ತನಕ ಮೂರು ಅಂತಸ್ತಿನ ಕತೆ. ಹೆಂಗಸಿಗೆ ಒಂದು ಕೈ. ಜೀವ ಕೊಟ್ಟವಳಿಗೂ ಮುಖ ಕೊಡಲಿಲ್ಲ. ನಿಮ್ಮ ಊರ ಅಗಸೆಯ ಹೊರಗೋ ಕೆರೆ ಏರಿಯ ಮೇಲೋ ಅಂಥ ಕಲ್ಲಿದ್ದರೆ ಒಮ್ಮೆ ನಿಂತು ನೋಡಿ. ಯಾರ ಕೈ ಅದು?

ಹಾಗೆ ನೋಡಿದರೆ ಅರಮನೆಯ ಹೆಂಗಸರದೂ ದೊಡ್ಡ ಭಾಗ್ಯವೇನಲ್ಲ. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರಿನಲ್ಲಿ ಮೂವರು ಹೆಂಗಸರು ನಿಂತ ದೊಡ್ಡ ತೈಲಚಿತ್ರ ಬರೆದ. ಅದು ಸಮುದ್ರ ದಾಟಿ ಹೋಯಿತು. ಅವರು ಯಾರೋ ನರ್ತಕಿಯರಿರಬೇಕು ಎಂದು ಬಹಳ ಕಾಲ ಅಂದುಕೊಂಡಿದ್ದರಂತೆ. ಈಚೆಗೆ, 2007ರಲ್ಲಿ ಚಿತ್ರ ಹರಾಜಿಗೆ ಬಂತು. ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರು ಇವರು ಒಡೆಯರ ಮನೆತನದ ಹೆಣ್ಣುಮಕ್ಕಳು ಎಂದರು. ಬಲಗಡೆಯವಳು ಬಾಲಕ ಮಹಾರಾಜರನ್ನು ಮದುವೆಯಾಗಿ ಬಂದ ದೇವಾಜಮ್ಮಣ್ಣಿ. ಅವಳು ಸೆರಗನ್ನು ತುಸು ಸರಿಸಿ ತೋಳಿನತ್ತ ಕೈ ತೋರುತ್ತಿದ್ದಾಳೆ. ಹೊಸದಾಗಿ ಬಂದಿದ್ದ ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಅದು, ಜನ ಹೆದರದೆ ಹಾಕಿಸಿಕೊಳ್ಳಲಿ ಎಂದೇ ಈ ಚಿತ್ರ ಬರೆಸಿರಬೇಕು ಎಂಬುದು ಅವರ ವಾದ. ಎಡಗಡೆಯ ರಾಣಿಯ ಮೂಗು ಬಾಯಿಯ ಸುತ್ತ ಬಣ್ಣ ತುಸು ಮಾಸಿದ ಹಾಗಿದೆ. ಹಳೆಯ ಪದ್ಧತಿಯಲ್ಲಿ, ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದಿಸಿಕೊಂಡದ್ದರ ಗುರುತು ಅದು ಎನ್ನುತ್ತಾರೆ. ಮುಖದ ಮೇಲಿನ ಕುಂದನ್ನು ಅಳಿಸದೆ ಉಳಿಸಿದ ಚಿತ್ರವೂ ಇದೆ ಎಂದಾಯಿತು. ಆದರೆ ಅದಕ್ಕೆ ಕಾರಣ ಬೇಕಿತ್ತು. ಅದಿಲ್ಲದಿದ್ದರೆ ಸೆರಗೂ ಸರಿಯುತ್ತಿರಲಿಲ್ಲ, ಮುಖವೂ ಹೊರಬರುತ್ತಿರಲಿಲ್ಲ.

ದೇವಾಜಮ್ಮಣ್ಣಿಗೆ ಸಿಕ್ಕ ಲಸಿಕೆ ನೂರಮೂವತ್ತು ನಲವತ್ತು ವರ್ಷವಾದ ಮೇಲೂ ನಮ್ಮವ್ವನ ಊರಿಗೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿ ಮಲಗಿಸಿದರು, ಬದುಕಿದಳು. ನಮ್ಮ ದೇಶದ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. ಲೋಕದಿಂದಲೇ ಹೋಯಿತೆಂದು ಸಾರಿದ್ದು 1980ರಲ್ಲಿ. ನನ್ನ ಮಗಳು ಸಿಡುಬಿನ ಕಲೆಯ ಮುಖವನ್ನು ಹತ್ತಿರದಿಂದ ನೋಡಿಯೇ ಇಲ್ಲ. ಅಂಥ ಮುಖಗಳೇ ಈಗ ಹೋಗಿಬಿಟ್ಟವು, ಹೋದದ್ದು ಒಳ್ಳೆಯದೇ.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಹಟ ಸಡಿಲಲಿಲ್ಲ. ಬಸವಣ್ಣ, ಅಕ್ಕಮಹಾದೇವಿಯರ ಚಿತ್ರಕ್ಕೆ ದಿನಾ ಕೈಮುಗಿಯುತ್ತೇವೆ, ಅವರ ಮುಖ ಕಂಡವರು ಯಾರೂ ಇಲ್ಲ, ಅದನ್ನು ಸುಳ್ಳೆನ್ನುವುದಿಲ್ಲ. ಹಾಗಾದರೆ ಅವ್ವನ ಚಿತ್ರ ಯಾಕೆ ಸುಳ್ಳಾಗಬೇಕು? ನನಗೆ ಹೊಳೆದ ಉತ್ತರ ಇದು: ಅವರನ್ನು ಕಂಡವರು ಇಂದು ಯಾರೂ ಇಲ್ಲ. ಅವ್ವನನ್ನು ಕಂಡವಳು ನಾನು ಇದ್ದೇನೆ. ಸಾಕ್ಷಿ ಬದುಕಿರುವಾಗ ಬೇರೆ ಮುಖ ತೂಗುಹಾಕಿದರೆ ಸಾಕ್ಷಿಯ ಬಾಯಿಗೆ ಬಟ್ಟೆ ತುರುಕಿದ ಹಾಗೆ. ನಾನು ಸತ್ತ ಮೇಲೆ ಏನಾದರೂ ಮಾಡಿಕೊಳ್ಳಲಿ. ಈ ಮಾತು ನನಗೇ ಬಹಳ ಸರಿಕಂಡು, ಕಂಪ್ಲಿಯಲ್ಲಿದ್ದ ಚಿಗವ್ವನ ಮುಂದೆಯೂ ಹೇಳಬೇಕೆಂದು ಬಸ್ಸು ಹತ್ತಿದೆ. ಅವ್ವನ ತಂಗಿ ಅವಳು. ಆಗಿನ್ನೂ ಬದುಕಿದ್ದಳು. ಅವಳೂ ಸಾಕ್ಷಿಯೇ ಅಲ್ಲವೇ, ನನ್ನ ಪರ ಒಂದು ಮಾತು ಬೀಳಲಿ ಎಂಬ ಆಸೆ.

ಚಿಗವ್ವ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅವ್ವ ನೋಡಲು ಹೇಗಿದ್ದಳು ಚಿಗವ್ವಾ ಎಂದೆ.

"ಕೆಂಪನ ಹೆಣ್ಣು ನಿಮ್ಮವ್ವ. ಉದ್ದ ಮೂಗು. ನಿನ್ನಂಗೇನೂ ಇರಲಿಲ್ಲ ತಗಿ" ಎಂದಳು.

ನನ್ನ ನೆನಪಿನ ಅವ್ವ ಎಣ್ಣೆಗೆಂಪು, ನನ್ನ ಹಾಗೇ ಮೊಂಡುಮೂಗು. ಇಬ್ಬರು ಸಾಕ್ಷಿಗಳು, ಇಬ್ಬರದೂ ಬೇರೆ ಬೇರೆ ಅವ್ವ! ಯಾವ ಕೋರ್ಟು ನಮ್ಮನ್ನು ನಂಬೀತು? ಕಲೆ ಇದ್ದವಲ್ಲ ಎಂದು ಕೇಳಿದೆ, ಅದಾದರೂ ಕೂಡಲಿ ಎಂದು. ಚಿಗವ್ವನ ಕೈ ನಿಂತಿತು. ಇದ್ದುವು ಎಂದಳು. ಆಮೇಲೆ ನಾನು ಕೇಳದಿದ್ದ ಸಂಗತಿಯೊಂದನ್ನು ಹೇಳಿದಳು. ನಮ್ಮ ಅಪ್ಪ ಜಾತ್ರೆಯಲ್ಲಿ ಫೋಟೋ ತೆಗೆಸಿಕೊಂಡನಲ್ಲ, ಆವತ್ತು ಅವ್ವನೂ ಚಿಗವ್ವನೂ ಜೊತೆಗಿದ್ದರಂತೆ. ತೇರು ಎಳೆದಾದ ಮೇಲೆ ಅಪ್ಪ ಅವ್ವನನ್ನೂ ಪರದೆಯ ಮುಂದೆ ಕರೆದನಂತೆ. ಅವ್ವ ಸೆರಗು ಮುಖದ ಮೇಲೆಳೆದುಕೊಂಡು ಹಿಂದೆ ಸರಿದಳಂತೆ.

"ಈ ಮಾರೀದೇನು ತಗಸ್ತೀರಿ, ಮಂದಿ ನೋಡಿ ನಗಾಕ, ಅಂದ್ಲು. ನಿಮ್ಮಪ್ಪ ಮತ್ತ ಕರೀಲಿಲ್ಲ."

ಹೊಸಪೇಟೆಗೆ ವಾಪಸು ಬರುವ ಬಸ್ಸಿನಲ್ಲಿ ನಾನು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ ಕೂತೆ. ಫೋಟೋ ಇಲ್ಲದ್ದಕ್ಕೆ ದುಡ್ಡು, ದೂರ, ಮೂಢನಂಬಿಕೆ ಎಂದೆಲ್ಲ ಇಷ್ಟು ವರ್ಷ ಕಾರಣ ಹೇಳಿಕೊಂಡಿದ್ದೆ. ಪರದೆ ಇತ್ತು, ಫೋಟೋದವನಿದ್ದ, ಗಂಡ ಕರೆದಿದ್ದ, ಅವಳೇ ಒಲ್ಲೆ ಎಂದಿದ್ದಳು. ನಾನು ಯಾವ ಕಲೆಗಳಿಗಾಗಿ ತಮ್ಮನೊಡನೆ ಜಗಳಕ್ಕೆ ನಿಂತಿದ್ದೆನೋ ಅವನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಕತ್ತಲಲ್ಲಿ, ಹೊಟ್ಟೆಯ ಮಗಳ ಬೆರಳಿಗೆ ಮಾತ್ರ ಬಿಟ್ಟಿದ್ದಳು. ಅದನ್ನು ಹಾಲಿನ ಗೋಡೆಯ ಮೇಲೆ, ಹಾಲಿನವ, ಪೇಪರಿನವ, ಬೀಗರು ಎಲ್ಲರೂ ನೋಡುವಂತೆ ಬರೆಸಿ ತೂಗುಹಾಕಲು ನನಗೇನು ಹಕ್ಕು? ಸತ್ಯ ಎಂದೆನಲ್ಲ, ಯಾರ ಸತ್ಯ ಅದು? ನಾನು ಕಂಡದ್ದು ನಿಜವಿರಬಹುದು, ಮುಖ ಅವಳದು. ಕೃಷ್ಣದೇವರಾಯ ಕೈಮುಗಿದು ನಿಂತ ತನ್ನ ಮೂರ್ತಿಯನ್ನು ನೋಡಿ ಹಗುರಾಗಿ ಉಸಿರುಬಿಟ್ಟಿರಲೂಬಹುದು.

ಹಾಗೆಂದು ನುಣ್ಣನೆಯ ಮುಖವೇ ಅವಳಿಗೆ ಬೇಕಿತ್ತು ಎನ್ನುವುದಕ್ಕೂ ನನಗೆ ಧೈರ್ಯ ಸಾಲದು. ಯಾವ ಮುಖವೂ ಬೇಡ ಎಂದಿದ್ದಳೋ ಏನೋ. ಆ ಲೆಕ್ಕಕ್ಕೆ ಖಾಲಿ ಮೊಳೆಯೇ ಅವಳ ನಿಜವಾದ ಚಿತ್ರ. ಆದರೆ ಅವಳು ಒಲ್ಲೆನೆಂದದ್ದು ಮಂದಿಗೆ. ಮಗನಿಗೆ ಒಲ್ಲೆನೆಂದಿರಲಿಲ್ಲ, ಅವನಾಗ ಹುಟ್ಟಿಯೇ ಇರಲಿಲ್ಲ. ಐವತ್ತರ ಹತ್ತಿರ ಬಂದ ಮಗ ತಾಯಿಯ ಮುಖ ಬೇಡುತ್ತಿದ್ದಾನೆ ಎಂದು ತಿಳಿದಿದ್ದರೆ ಸೆರಗು ಸರಿಸುತ್ತಿದ್ದಳು ಎಂದೇ ನನ್ನ ನಂಬಿಕೆ. ನಂಬಿಕೆ ಅಷ್ಟೆ, ಸಾಕ್ಷಿ ಇಲ್ಲ.

ಮರುವಾರ ನಾನೇ ತಮ್ಮನನ್ನು ಕರೆದುಕೊಂಡು ಚಿತ್ರದವನ ಹತ್ತಿರ ಹೋದೆ. ನನ್ನ ಫೋಟೋ ಬೇಡವೆಂದೆ, ಚಿಗವ್ವನದು ಕೊಟ್ಟೆ. ಅವನು ಎಷ್ಟು ಹೊತ್ತಿಗೂ ಕೇಳುತ್ತಿದ್ದುದು ಒಂದೇ, ಒಡವೆ ಯಾವುದು ಹಾಕಲಿ, ಸೀರೆಗೆ ಯಾವ ಬಣ್ಣ ಕೊಡಲಿ. ಮೂಗುತಿ ಎರಡೂ ಕಡೆ ಇತ್ತು ಎಂದೆ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಮುಖದ ಮೇಲೆ ಏನಾದರೂ ಗುರುತು, ಮಚ್ಚೆ ಇತ್ತೇ ಎಂದು ಕೇಳಿದ. ತಮ್ಮ ನನ್ನ ಕಡೆ ನೋಡಿದ. ಇರಲಿಲ್ಲ ಎಂದೆ.

ಚಿತ್ರ ಬಂತು. ದುಂಡು ಮುಖದ, ಸೌಮ್ಯವಾದ, ನನಗೆ ಪರಿಚಯವಿಲ್ಲದ ಒಬ್ಬ ಹೆಂಗಸು. ತಮ್ಮನ ಹೆಂಡತಿ, "ಎಷ್ಟು ಲಕ್ಷಣ ಅದಾರ ನೋಡ್ರಿ ಅಕ್ಕಾರೆ" ಎಂದಳು. ತಮ್ಮ ಮಾತಾಡಲಿಲ್ಲ. ಮೊಳೆಗೆ ತೂಗುಹಾಕಿ, ಸೊಟ್ಟಗಾಗಿದೆಯೇ ಎಂದು ನಾಲ್ಕು ಸಲ ಸರಿಮಾಡಿದ. ಈಗ ಅವನಿಗೆ ಮೊಮ್ಮಕ್ಕಳಾಗಿದ್ದಾರೆ. ಹಬ್ಬದ ದಿನ ಅವರು "ಮುತ್ತಜ್ಜಿ, ಮುತ್ತಜ್ಜಿ" ಎಂದು ಅದಕ್ಕೆ ಕೈಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ. ಮೊದಮೊದಲು ನಾಟಕ ಮಾಡಿದ ಹಾಗಾಗುತ್ತಿತ್ತು. ಈಗೀಗ ಭಯ ಬೇರೆ ತೆರನದು. ಅವ್ವನನ್ನು ನೆನೆದರೆ ಆ ಚಿತ್ರದವಳೇ ಕಣ್ಣಿಗೆ ಬರುತ್ತಾಳೆ.

ಹೋದ ಬೇಸಿಗೆಯಲ್ಲಿ ಗಾದಿಗನೂರಿಗೆ ಹೋಗಿದ್ದೆ. ರಾತ್ರಿ ಕರೆಂಟು ಹೋಗಿತ್ತು. ತಮ್ಮನೂ ನಾನೂ ಮಾಳಿಗೆಯ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದೆವು. ತೋರಣಗಲ್ಲಿನ ಕಡೆ ಕಾರ್ಖಾನೆಯ ಬೆಳಕು ಆಕಾಶಕ್ಕೆ ಕೆಂಪು ಬಳಿದಿತ್ತು. ಅದೂ ಇದೂ ಮಾತಾಡುತ್ತ ಅವನು ತಟಕ್ಕನೆ ಕೇಳಿದ.

"ಆ ಕಲಿ ಎಲ್ಲೆಲ್ಲಿ ಇದ್ದುವು ಅಕ್ಕಾ?"

ನಾನು ಅವನ ಕೈ ಹಿಡಿದು, ತೋರುಬೆರಳನ್ನು ಅವನ ಕೆನ್ನೆಯ ಮೇಲೇ ಇಟ್ಟು ತೋರಿಸಿದೆ. ಇಲ್ಲಿ ಮೂರು, ಒತ್ತೊತ್ತಾಗಿ. ಇಲ್ಲಿ ಕಣ್ಣ ಕೆಳಗೆ ಒಂದು. ಗಲ್ಲದ ಮೇಲೆ ಬಹಳ, ಎಣಿಸುವಷ್ಟರಲ್ಲಿ ನಿದ್ದೆ ಬರುತ್ತಿತ್ತು.

"ಆಳ ಇದ್ದುವಾ?"

"ಸಾಸಿವೆಕಾಳು ಕೂರುವಷ್ಟು."

ಅವನು ಸ್ವಲ್ಪ ಹೊತ್ತು ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದ. ಅಷ್ಟರಲ್ಲಿ ಕರೆಂಟು ಬಂತು. ಹೊಲದ ಪಂಪು ಹಾಕಿ ಬರುತ್ತೇನೆಂದು ಎದ್ದು ಹೋದ.